ಮನೆಯಲ್ಲಿ ಕಲಿಯುವ ಮಗುವಿಗೆ ಊರೆಲ್ಲ ಬೇಕು

ಬೆಳಕು ಹರಿಯುವ ಮುನ್ನವೇ ಮಾರಿಕುಪ್ಪಂ ನಿಲ್ದಾಣದಲ್ಲಿ ಜನ ಸೇರುತ್ತಾರೆ. ಕೈಯಲ್ಲಿ ಊಟದ ಡಬ್ಬಿ, ಕೊರಳಲ್ಲಿ ಗುರುತಿನ ಚೀಟಿ, ಕಣ್ಣಲ್ಲಿ ಇನ್ನೂ ಉಳಿದ ನಿದ್ದೆ. ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬೆಮೆಲ್ ನಗರ ಎಂದು ಒಂದೊಂದು ನಿಲ್ದಾಣದಲ್ಲೂ ಬೋಗಿ ತುಂಬುತ್ತ ಹೋಗುತ್ತದೆ. 16 ಕಿಲೋಮೀಟರ್ ದಾಟಿ ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಕೂತವರಿಗಿಂತ ನಿಂತವರೇ ಹೆಚ್ಚು. 2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ಅನ್ನದ ದಾರಿ ಈ ಹಳಿಯೇ ಆಗಿದೆ.

ರೈಲು ಹೋದ ಮೇಲೆ ಊರಿನಲ್ಲಿ ಎರಡನೆಯ ಗಡಿಬಿಡಿ ಶುರು. ರಾಬರ್ಟ್‌ಸನ್‌ಪೇಟೆಯ ರಸ್ತೆಗಳಲ್ಲಿ ಶಾಲಾ ವ್ಯಾನು, ಆಟೊ, ಅಪ್ಪನ ಸ್ಕೂಟರ್ ಮುಂದೆ ನಿಂತ ಪುಟ್ಟ ಸಮವಸ್ತ್ರ. ಒಂಬತ್ತೂವರೆ ಹೊತ್ತಿಗೆ ಬೀದಿ ತಣ್ಣಗಾಗುತ್ತದೆ. ಆಗಲೂ ಒಂದು ಮನೆಯ ಜಗಲಿಯಲ್ಲಿ ಎಂಟು ವರ್ಷದ ಮಗು ಪುಸ್ತಕ ಹಿಡಿದು ಕೂತಿದ್ದರೆ ನೆರೆಯವರು ಮೊದಲು ಕೇಳುವುದು ಜ್ವರವಾ ಎಂದು. ಮರುದಿನವೂ ಅಲ್ಲೇ ಕಂಡರೆ ಫೀಸು ಕಟ್ಟಲಿಲ್ಲವಾ ಎಂದು. ತಂದೆತಾಯಿ ಯೋಚಿಸಿಯೇ ಮಗುವನ್ನು ಮನೆಯಲ್ಲಿ ಓದಿಸುತ್ತಿರಬಹುದು ಎಂಬುದು ಯಾರ ಊಹೆಗೂ ಸುಲಭಕ್ಕೆ ಬರುವುದಿಲ್ಲ.

ಹೋಮ್‌ಸ್ಕೂಲಿಂಗ್ ಎಂಬ ಮಾತು ಈಗ ನಮ್ಮ ಕಿವಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ಇಂಥ ಕುಟುಂಬಗಳು ಉದ್ಯಾನಗಳಲ್ಲಿ, ಒಬ್ಬರೊಬ್ಬರ ಮನೆಗಳಲ್ಲಿ ಸೇರುತ್ತವೆ, ಪುಸ್ತಕ ಬದಲಾಯಿಸಿಕೊಳ್ಳುತ್ತವೆ, ಮಕ್ಕಳನ್ನು ಕೂಡಿ ಆಡಿಸುತ್ತವೆ. ಸಣ್ಣ ಊರಿನ ಕಷ್ಟವೇ ಬೇರೆ. ಅಲ್ಲಿ ಇಂಥ ಮನೆ ಒಂಟಿಯಾಗಿ ಉಳಿದುಬಿಡುತ್ತದೆ. ಶಾಲೆ ಬಿಟ್ಟ ಮಗುವಿಗೆ ಪಠ್ಯಪುಸ್ತಕಕ್ಕಿಂತ ಮೊದಲು ಬೇಕಾದದ್ದು ಇನ್ನೊಂದು ಮನೆ, ಇನ್ನೊಬ್ಬ ಅಮ್ಮ, ಇನ್ನೊಂದು ಮಗು. ಈ ಲೇಖನ ಮುಖ್ಯವಾಗಿ ಹೇಳಹೊರಟಿರುವುದು ಅದನ್ನೇ.

ಶಾಲೆಗೂ ಮುಂಚೆ

ಬಂಗಾರಪೇಟೆಯ ಹಿಂದಿನ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಾಮ್ ಬೌರಿಂಗ್ ಅವರ ಹೆಸರು ಅದು. ಅವರ ಆಡಳಿತದ ಕಾಲದಲ್ಲೇ, 1868ರಲ್ಲಿ, ಮುಂದೆ ಶಾಸನಗಳ ಸಂಪಾದಕರಾಗಿ ಹೆಸರಾದ ಬಿ.ಎಲ್. ರೈಸ್ ಹೋಬಳಿಗೊಂದು ಶಾಲೆ ಎಂಬ ಯೋಜನೆ ಮುಂದಿಟ್ಟರು. ಸರ್ಕಾರಿ ಶಾಲೆ ಹಳ್ಳಿಯ ಹತ್ತಿರಕ್ಕೆ ಬಂದದ್ದು ಅಲ್ಲಿಂದ ಈಚೆಗೆ. ಅದಕ್ಕೂ ಮೊದಲು ಇದ್ದದ್ದು ಕೂಲಿಮಠ. ಅಯ್ಯನವರ ಜಗಲಿ, ಮರಳಿನ ಮೇಲೆ ಅಕ್ಷರ, ಒಟ್ಟಾಗಿ ಕೂಗುವ ಮಗ್ಗಿ. ಆ ಜಗಲಿಗೆ ಎಲ್ಲ ಜಾತಿಯ ಮಕ್ಕಳು ಹತ್ತುವಂತಿರಲಿಲ್ಲ, ಹೆಣ್ಣುಮಕ್ಕಳಂತೂ ಅಪರೂಪ. ಆದ್ದರಿಂದ ಹಳೆಯ ಮನೆಪಾಠವನ್ನು ಹಾಡಿ ಹೊಗಳುವವರ ಜೊತೆ ನಾನಿಲ್ಲ. ಶಾಲೆಯ ಬಾಗಿಲು ತೆರೆದದ್ದು ದೊಡ್ಡ ವಿಷಯ. ಅದನ್ನು ಬೇಡವೆನ್ನುವವರು ಅದರ ಬೆಲೆಯನ್ನು ಅರಿತೇ ಬೇಡವೆನ್ನಬೇಕು.

ಕೆಜಿಎಫ್‌ನಲ್ಲಿ ಶಾಲೆಯ ಆಚೆ ಕಲಿಯುವ ಇನ್ನೊಂದು ಪರಂಪರೆ ಇತ್ತು. ಅದು ನಮಗೆ ಹೆಚ್ಚು ಹತ್ತಿರದ್ದು. ಗಣಿಗೆ ದುಡಿಯಲು ಬಂದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯ ದಲಿತ ಕುಟುಂಬಗಳವರು. 1907ರಲ್ಲಿ ಮದರಾಸಿನಲ್ಲಿ ದಲಿತ ಚಿಂತಕ ಪಂಡಿತ ಅಯೋತಿದಾಸರು ಆರಂಭಿಸಿದ ವಾರಪತ್ರಿಕೆಗೆ ಈ ಗಣಿಯ ಲೈನುಗಳಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ಓದುಗರಿದ್ದರು. ಅಯೋತಿದಾಸರು ಕಟ್ಟಿದ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. ಅವರ ಬರಹಗಳನ್ನು ಪುಸ್ತಕಗಳಾಗಿ ಅಚ್ಚು ಹಾಕಿದ್ದು ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಮುದ್ರಣಾಲಯ. ಭೂಮಿಯ ಅಡಿಯಲ್ಲಿ ಪಾಳಿ ಮುಗಿಸಿ ಬಂದವರು ತಮ್ಮ ಓದನ್ನು ತಾವೇ ಕಟ್ಟಿಕೊಂಡರು, ತಾವೇ ಅಚ್ಚು ಹಾಕಿಕೊಂಡರು, ಹಂಚಿಕೊಂಡರು. ಪಾಠದ ಸಾಮಗ್ರಿ ಹಂಚಿಕೊಳ್ಳುವುದು ಅಮೆರಿಕದಿಂದ ಬಂದ ರೂಢಿ ಎಂದುಕೊಳ್ಳುವವರು ಇದನ್ನು ನೆನೆಯಬೇಕು.

ಶಾಲೆ ಮುಗಿಸದೆ ದೊಡ್ಡವರಾದವರಿಗೆ ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಕೊಡುವ ಉದಾಹರಣೆ ಡಿ.ವಿ. ಗುಂಡಪ್ಪನವರದು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಅವರು ಮೆಟ್ರಿಕ್ಯುಲೇಷನ್ ದಾಟಲಿಲ್ಲ, ನಿಜ. ಆದರೆ ಅವರು ವಿದ್ವಾಂಸರ ಬಳಿ ಕೂತು ಸಂಸ್ಕೃತ ಕಲಿತರು, ಪತ್ರಿಕೆಗಳಲ್ಲಿ ದುಡಿದು ಇಂಗ್ಲಿಷ್ ಪಳಗಿಸಿಕೊಂಡರು. ಒಂಟಿ ಕೋಣೆಯಲ್ಲಿ ಕೂತು ಕಲಿತವರಲ್ಲ ಅವರು.

ಕಾನೂನು ಎಲ್ಲಿ ನಿಲ್ಲುತ್ತದೆ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2009ರದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಅದು ಅನ್ವಯ. ಅದರ 10ನೇ ಕಲಂ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪ್ರತಿ ಪೋಷಕರ ಕರ್ತವ್ಯ ಎನ್ನುತ್ತದೆ. ಹಾಗೆ ಸೇರಿಸದ ಪೋಷಕರಿಗೆ ದಂಡವನ್ನಾಗಲಿ ಜೈಲನ್ನಾಗಲಿ ಆ ಕಾಯ್ದೆ ವಿಧಿಸುವುದಿಲ್ಲ. ಮನೆಯಲ್ಲಿ ಓದಿಸುವವರ ಬಗ್ಗೆ ಪರವಾಗಿಯೂ ವಿರುದ್ಧವಾಗಿಯೂ ಅದರಲ್ಲಿ ಒಂದು ಸಾಲಿಲ್ಲ.

ಈ ಮೌನವೇ ಗೊಂದಲದ ಮೂಲ. 2012ರಲ್ಲಿ ಈ ಪ್ರಶ್ನೆ ದೆಹಲಿ ಹೈಕೋರ್ಟ್ ಮುಂದೆ ಬಂದಾಗ ಕೇಂದ್ರ ಮಾನವ ಸಂಪನ್ಮೂಲ ಸಚಿವಾಲಯವು, ಸ್ವಇಚ್ಛೆಯಿಂದ ಮನೆಶಿಕ್ಷಣ ಆರಿಸಿಕೊಂಡ ಪೋಷಕರು ಮುಂದುವರಿಯಬಹುದು, ಕಾಯ್ದೆ ಅವರಿಗೆ ಅಡ್ಡ ಬರುವುದಿಲ್ಲ ಎಂಬರ್ಥದ ಪ್ರಮಾಣಪತ್ರ ಸಲ್ಲಿಸಿತ್ತು. ಆದರೆ ಕಾಯ್ದೆಯ ಒಳಗೆ ಅಂಥ ಮಾತು ಸೇರಲಿಲ್ಲ. ಹಾಗಾಗಿ ಮನೆಯಲ್ಲಿ ಓದಿಸುವ ಕುಟುಂಬ ಕಾನೂನಿನ ನೆರಳಿನಲ್ಲೂ ಇಲ್ಲ, ಬಿಸಿಲಿನಲ್ಲೂ ಇಲ್ಲ.

ಇನ್ನೊಂದು ಮುಖವೂ ಇದೆ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆಂದು ಶಿಕ್ಷಣ ಇಲಾಖೆಯವರು ಬಾಗಿಲು ತಟ್ಟಿದರೆ ಅದನ್ನು ಕಿರುಕುಳ ಎನ್ನಬೇಡಿ. ನಮ್ಮ ತಾಲ್ಲೂಕುಗಳಲ್ಲಿ ಶಾಲೆಗೆ ಹೋಗದ ಮಗು ಇಟ್ಟಿಗೆ ಗೂಡಿನಲ್ಲಿರಬಹುದು, ಟೊಮೆಟೊ ತೋಟದಲ್ಲಿರಬಹುದು, ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತ ಮನೆಯಲ್ಲೇ ಕಟ್ಟಿಬಿದ್ದಿರಬಹುದು. ಹದಿಮೂರರ ಹುಡುಗಿಗೆ ಮದುವೆಯ ಮಾತು ನಡೆಯುತ್ತಿರಬಹುದು. ಇವೆಲ್ಲಕ್ಕೂ ಮನೆಯಲ್ಲೇ ಓದಿಸುತ್ತಿದ್ದೇವೆ ಎಂಬ ಮಾತು ಪರದೆಯಾಗಬಾರದು. ನಿಜಕ್ಕೂ ಓದಿಸುತ್ತಿರುವ ಮನೆಯವರು ಬಂದ ಅಧಿಕಾರಿಗೆ ಕುರ್ಚಿ ಹಾಕಿ, ಮಗುವಿನ ನೋಟ್‌ಬುಕ್ಕುಗಳನ್ನು ಮುಂದಿಟ್ಟು, ಮಗುವನ್ನೇ ಮಾತಾಡಲು ಬಿಡುವುದು ಸರಿ. ಅಕ್ಕಪಕ್ಕದಲ್ಲಿ ಓದೂ ಇಲ್ಲದೆ ಶಾಲೆಯೂ ಇಲ್ಲದೆ ದುಡಿಯುವ ಮಗು ಕಂಡರೆ 1098ಕ್ಕೆ ಕರೆ ಮಾಡುವ ಜವಾಬ್ದಾರಿ ಮನೆಶಾಲೆಯವರಿಗೆ ಉಳಿದವರಿಗಿಂತ ಒಂದು ಕೈ ಹೆಚ್ಚೇ ಇದೆ.

ಪಾಠದ ಪೆಟ್ಟಿಗೆ

ಹೊಸದಾಗಿ ಆರಂಭಿಸುವವರ ಮೊದಲ ಪ್ರಶ್ನೆ ಯಾವ ಸಿಲಬಸ್ ಕೊಳ್ಳಬೇಕು ಎಂಬುದು. ಸಾವಿರಾರು ರೂಪಾಯಿಯ ಹೊರದೇಶದ ಪಠ್ಯಪೊಟ್ಟಣಗಳನ್ನು ಮಾರುವವರಿದ್ದಾರೆ. ನನ್ನ ಮಾತು ಕೇಳುವುದಾದರೆ ಮೊದಲ ವರ್ಷ ಏನನ್ನೂ ಕೊಳ್ಳಬೇಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಒಂದರಿಂದ ಹತ್ತರವರೆಗಿನ ಪುಸ್ತಕಗಳು ಉಚಿತವಾಗಿವೆ. ಕನ್ನಡ, ಇಂಗ್ಲಿಷ್ ಮಾತ್ರವಲ್ಲ, ತಮಿಳು, ತೆಲುಗು, ಉರ್ದು ಮಾಧ್ಯಮದವೂ ಸಿಗುತ್ತವೆ. ಎನ್‌ಸಿಇಆರ್‌ಟಿ ಪುಸ್ತಕಗಳೂ ಹಾಗೆಯೇ. 2017ರಲ್ಲಿ ಶುರುವಾದ ದೀಕ್ಷಾ ವೇದಿಕೆಯ ಮೂಲಕ ಪುಸ್ತಕದ ಮೇಲಿನ ಕ್ಯೂಆರ್ ಚೌಕಕ್ಕೆ ಮೊಬೈಲ್ ಹಿಡಿದರೆ ಆ ಪಾಠದ ವಿಡಿಯೊ ತೆರೆದುಕೊಳ್ಳುತ್ತದೆ.

ಪುಸ್ತಕದ ಕೊರತೆ ದೊಡ್ಡದಲ್ಲ. ಯಾವ ಪುಸ್ತಕ ಯಾವ ಮಗುವಿಗೆ ಹಿಡಿಸಿತು, ಯಾವುದು ಕೈಕೊಟ್ಟಿತು ಎಂಬ ಅನುಭವದ ಕೊರತೆಯೇ ದೊಡ್ಡದು. ದಶಕ ಕೊಟ್ಟು ಕಳೆಯುವ ಲೆಕ್ಕ ತಲೆಗೆ ಹತ್ತದ ಮಗುವಿಗೆ ಹುಣಸೆಬೀಜದ ಕಟ್ಟು ಮಾಡಿ ಕೊಟ್ಟ ತಾಯಿಯ ಉಪಾಯ ಯಾವ ಪಠ್ಯಪೊಟ್ಟಣದಲ್ಲೂ ಇರುವುದಿಲ್ಲ. ಅಮೆರಿಕದ ಜಾನ್ ಹೋಲ್ಟ್ 1977ರಲ್ಲಿ ಶುರುಮಾಡಿದ ಮನೆಶಿಕ್ಷಣದ ಪತ್ರಿಕೆಯ ತಿರುಳೇ ಪೋಷಕರ ಪತ್ರಗಳು. ಎಂಟು ವರ್ಷವಾದರೂ ಓದದ ಮಗ, ಅತ್ತೆಯ ಅಸಮಾಧಾನ, ಅಡುಗೆಮನೆಯಲ್ಲೇ ಮುಗಿಸಿದ ಭಿನ್ನರಾಶಿ, ಇಂಥವನ್ನು ಒಬ್ಬರು ಬರೆದರೆ ಇನ್ನೊಬ್ಬರು ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತಿದ್ದರು. ಕನ್ನಡದಲ್ಲಿ ಅದಕ್ಕೂ ಬಹಳ ಹಿಂದೆ, 1936ರಲ್ಲಿ, ಶಿವರಾಮ ಕಾರಂತರು ಮೂರು ಸಂಪುಟಗಳ ಬಾಲಪ್ರಪಂಚ ತಂದಿದ್ದರು. ಮಗು ಶಾಲೆಯ ಪರೀಕ್ಷೆಗಲ್ಲದೆ ತನ್ನ ಕುತೂಹಲಕ್ಕೆ ಓದಲಿ ಎಂಬ ಹಂಬಲದ ಕೆಲಸ ಅದು.

ಕೆಜಿಎಫ್, ಬಂಗಾರಪೇಟೆಯ ಸುತ್ತ ನಾಲ್ಕೇ ಕುಟುಂಬಗಳು ಕೂಡಿದರೂ ಒಂದು ಪುಸ್ತಕದ ಪೆಟ್ಟಿಗೆ ಸುತ್ತಾಡಿಸಬಹುದು. ದಿನವೂ ರೈಲು ಹತ್ತುವ ಅಪ್ಪನೋ ಅಮ್ಮನೋ ಇರುವ ಊರಿದು. ಊರ್ಗಾಂನಲ್ಲಿ ಹತ್ತಿದವರು ಬಂಗಾರಪೇಟೆಯವರಿಗೆ ಪೆಟ್ಟಿಗೆ ದಾಟಿಸಲು ಅಂಚೆ ಖರ್ಚೂ ಬೇಕಿಲ್ಲ. ಪೆಟ್ಟಿಗೆಯ ಒಳಗೆ ಪುಸ್ತಕದ ಜೊತೆ ಒಂದು ನೋಟ್‌ಬುಕ್ ಇರಲಿ. ಈ ಪುಸ್ತಕ ನಮ್ಮ ಮಗಳಿಗೆ ಇಷ್ಟವಾಯಿತು, ನಾಲ್ಕನೇ ಅಧ್ಯಾಯ ಬಿಟ್ಟು ಓದಿಸಿ, ಇದರಲ್ಲಿನ ಪ್ರಯೋಗಕ್ಕೆ ಆಯಸ್ಕಾಂತ ಬೇಕು, ಹೀಗೆ ಮೂರು ಸಾಲು ಬರೆದಿಟ್ಟರೆ ಮುಂದಿನ ಮನೆಗೆ ವಾರಗಳ ಶ್ರಮ ಉಳಿಯುತ್ತದೆ.

ಹಳ್ಳಿಯವರಿಗೆ ಇನ್ನೊಂದು ಅನುಕೂಲವಿದೆ. 2020ರ ನವೆಂಬರ್‌ನಲ್ಲಿ ಸರ್ಕಾರ ಓದುವ ಬೆಳಕು ಕಾರ್ಯಕ್ರಮ ಆರಂಭಿಸಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಅವೇ ಈಗಿನ ಅರಿವು ಕೇಂದ್ರಗಳು. ಮಗು ಶಾಲೆಯಲ್ಲಿದೆಯೋ ಮನೆಯಲ್ಲಿದೆಯೋ ಎಂಬ ಪ್ರಶ್ನೆ ಅಲ್ಲಿ ಏಳಬೇಕಿಲ್ಲ.

ಗಡಿಯಾಚೆಯಿಂದ ಬಂದ ಕಾರ್ಡುಗಳು

ಒಂದೇ ಮನೆಯಲ್ಲಿ ಐದು, ಎಂಟು, ಹನ್ನೊಂದು ವರ್ಷದ ಮೂವರು ಮಕ್ಕಳಿದ್ದರೆ ಮೂವರಿಗೂ ಒಬ್ಬಳೇ ತಾಯಿ ಹೇಗೆ ಕಲಿಸುವುದು? ಈ ಪ್ರಶ್ನೆಗೆ ಉತ್ತರ ನಮ್ಮ ಸರ್ಕಾರಿ ಶಾಲೆಯಲ್ಲೇ ಇದೆ. ಏಕೋಪಾಧ್ಯಾಯ ಶಾಲೆಗಳ ಕಷ್ಟವೂ ಇದೇ ತಾನೆ.

ಶ್ರೀನಿವಾಸಪುರದಾಚೆ ಗಡಿ ದಾಟಿದರೆ ಜಿಡ್ಡು ಕೃಷ್ಣಮೂರ್ತಿಯವರು ಹುಟ್ಟಿದ ಮದನಪಲ್ಲಿ. ಅದರ ಹತ್ತಿರದ ರಿಷಿವ್ಯಾಲಿ ಶಿಕ್ಷಣ ಸಂಸ್ಥೆ ಸುತ್ತಲಿನ ಹಳ್ಳಿಗಳ ಪುಟ್ಟ ಶಾಲೆಗಳಿಗಾಗಿ ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದಿತ್ತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿದರು. ಯುನಿಸೆಫ್ ನೆರವಿನಿಂದ 1995ರಲ್ಲಿ ಅದನ್ನು ಕನ್ನಡಕ್ಕೆ ಒಗ್ಗಿಸಿ ನಲಿ-ಕಲಿ ಎಂದು ಹೆಸರಿಟ್ಟರು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ಹರಡಿತು.

ನಲಿ-ಕಲಿ ಕೊಠಡಿಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ನೆಲದ ಮೇಲೆ ಗುಂಪುಗಳಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ನೋಡಿಕೊಂಡು ಆ ಮೆಟ್ಟಿಲಿನ ಕಾರ್ಡು ಎತ್ತಿಕೊಳ್ಳುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ ನೆರವು, ಮತ್ತೊಂದರಲ್ಲಿ ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುತ್ತಾರೆ, ಕೊನೆಯ ಗುಂಪು ತಾನೇ ಮಾಡಿಕೊಳ್ಳುತ್ತದೆ. ಜ್ವರದಿಂದ ಹತ್ತು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

ಮನೆಗೆ ಇದಕ್ಕಿಂತ ಒಪ್ಪುವ ಕ್ರಮ ಬೇರೊಂದು ನನಗೆ ಕಂಡಿಲ್ಲ. ತಾಯಿ ಹಿಟ್ಟು ಕಲೆಸುತ್ತ ಐದರ ಮಗುವಿಗೆ ಪೂರ್ಣ ಗಮನ ಕೊಡುವ ಅರ್ಧ ಗಂಟೆಯಲ್ಲಿ ಎಂಟರವಳು ಕಾರ್ಡಿನ ಅಭ್ಯಾಸ ಮಾಡುತ್ತಾಳೆ, ಹನ್ನೊಂದರವನು ಓದುತ್ತಾನೆ. ಆಮೇಲೆ ಅದಲುಬದಲು. ಕಾರ್ಡುಗಳನ್ನು ಹಳೆಯ ಮದುವೆ ಕರೆಯೋಲೆಗಳ ಬೆನ್ನಿನ ಮೇಲೇ ಬರೆಯಬಹುದು. ಹತ್ತಿರದ ಸರ್ಕಾರಿ ಶಾಲೆಯ ಶಿಕ್ಷಕರನ್ನು ಕೇಳಿಕೊಂಡು ಒಂದು ದಿನ ಅವರ ನಲಿ-ಕಲಿ ಕೊಠಡಿಯಲ್ಲಿ ಕೂತು ನೋಡಿ. ಮನೆಶಾಲೆಯವರು ಸರ್ಕಾರಿ ಶಾಲೆಗೆ ಬೆನ್ನು ತಿರುಗಿಸಿದರೆ ಕಳೆದುಕೊಳ್ಳುವವರು ಅವರೇ.

2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಇದೇ ಶಿಕ್ಷಕರು ವಿದ್ಯಾಗಮದ ಹೆಸರಿನಲ್ಲಿ ಗುಡಿಯ ಜಗಲಿ, ಮರದ ನೆರಳಿಗೆ ಬಂದು ಪಾಠ ಮಾಡಿದರು. ಆ ವರ್ಷ ಇಡೀ ರಾಜ್ಯವೇ ಸಿದ್ಧತೆಯಿಲ್ಲದೆ ಮನೆಶಾಲೆಯಾಗಿತ್ತು. ಮೊಬೈಲ್ ಇದ್ದ ಮನೆಯ ಮಗು ಹೇಗೋ ದಡ ಸೇರಿತು, ಇಲ್ಲದ ಮನೆಯ ಮಗು ಅಕ್ಷರವನ್ನೇ ಮರೆಯಿತು.

ಒಂದು ಕಥೆ, ಐದು ಭಾಷೆ

ಕೆಜಿಎಫ್‌ನ ಒಂದು ಲೈನಿನಲ್ಲಿ ನಿಂತರೆ ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಕೇಳುತ್ತವೆ. ಜೊತೆಗೆ ಆಂಗ್ಲೋ-ಇಂಡಿಯನ್ ಮನೆಗಳು ಬಿಟ್ಟುಹೋದ ಇಂಗ್ಲಿಷು. ಮಗು ಅಜ್ಜಿಯ ಜೊತೆ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು ಭಾಷೆ ಆಡುತ್ತದೆ. ಮನೆಯಲ್ಲಿ ಓದಿಸುವವರಿಗೆ ಇದು ತೊಡಕಲ್ಲ, ಆಸ್ತಿ.

ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು ತೆರೆದ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಭಂಡಾರದಲ್ಲಿ ಒಂದೇ ಚಿತ್ರಕಥೆ ಹಲವು ಭಾಷೆಗಳಲ್ಲಿ ಸಿಗುತ್ತದೆ. ಮುದ್ರಿಸಿಕೊಳ್ಳಲು, ಅನುವಾದಿಸಲು, ಹಂಚಲು ಯಾರ ಅಪ್ಪಣೆಯೂ ಬೇಡ. ಒಂದೇ ಕಥೆಯನ್ನು ತಮಿಳಿನಲ್ಲಿ ಅಜ್ಜಿ ಓದಲಿ, ಕನ್ನಡದಲ್ಲಿ ಮಗು ಓದಲಿ, ಪಕ್ಕದ ಮನೆಯ ಹುಡುಗಿ ಉರ್ದುವಿನಲ್ಲಿ ಓದಿ ಹೇಳಲಿ. ಚಿತ್ರ ಅದೇ ಇರುವುದರಿಂದ ಅರ್ಥ ತಾನೇ ದಾಟಿ ಬರುತ್ತದೆ.

ಇಲ್ಲಿ ಒಂದು ಒತ್ತಾಯದ ಮಾತು. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ರಾಜ್ಯದ ಎಲ್ಲ ಶಾಲೆಗಳಲ್ಲಿ ಕನ್ನಡ ಕಲಿಸಬೇಕೆನ್ನುತ್ತದೆ. ಅದು ಶಾಲೆಗಳಿಗೆ ಮಾಡಿದ ಕಾನೂನು. ಮನೆಯಲ್ಲಿ ಕಲಿಯುವ ಮಗುವಿಗೆ ಕನ್ನಡ ಕಲಿಸುವಂತೆ ಯಾರೂ ಬಂದು ಕೇಳುವುದಿಲ್ಲ. ಯಾರೂ ಕೇಳುವುದಿಲ್ಲವೆಂದೇ ಕಲಿಸಬೇಕು. ನಾಳೆ ಪಂಚಾಯಿತಿಗೆ ಅರ್ಜಿ ಬರೆಯಲು, ಆಸ್ಪತ್ರೆಯ ಚೀಟಿ ಓದಲು, ಗೆಳೆಯರ ನಗೆಯಲ್ಲಿ ಪಾಲು ಪಡೆಯಲು ಆ ಮಗುವಿಗೆ ಈ ನೆಲದ ಭಾಷೆ ಬೇಕು. ತಾಯಿನುಡಿ ತಮಿಳೋ ತೆಲುಗೋ ಆದ ಮನೆ ಅದನ್ನೂ ಓದುಬರಹದ ಮಟ್ಟಿಗೆ ಉಳಿಸಿಕೊಳ್ಳಲಿ. ಎರಡಕ್ಕೂ ಜಾಗವಿದೆ.

ನೆಲದಡಿಯ ವಿಜ್ಞಾನ

ಮಗುವಿಗೆ ಮನೆಯಲ್ಲಿ ಪ್ರಯೋಗಶಾಲೆ ಎಲ್ಲಿದೆ ಎಂದು ಕೇಳುವವರಿಗೆ ಈ ಊರೇ ಧಾರಾಳವಾಗಿ ಉತ್ತರ ಕೊಡುತ್ತದೆ.

ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರ್. ಮಗುವನ್ನು ಮನೆಯಿಂದ ಅಷ್ಟು ದೂರ ನಡೆಸಿಕೊಂಡು ಹೋಗಿ, ಈಗ ಇದನ್ನೇ ನೇರ ಕೆಳಕ್ಕೆ ಯೋಚಿಸು ಎನ್ನಿ. ಕೆಳಗೆ ಹೋದಂತೆ ಬಂಡೆ ಏಕೆ ಬಿಸಿಯಾಗುತ್ತದೆ, ಅಷ್ಟು ಆಳಕ್ಕೆ ಗಾಳಿ ಹೇಗೆ ಕಳಿಸುತ್ತಿದ್ದರು, ಬಂಡೆ ಸಿಡಿಯುವುದೇಕೆ ಎಂಬ ಪ್ರಶ್ನೆಗಳು ತಾವಾಗಿ ಬರುತ್ತವೆ. ಉತ್ತರ ಹೇಳಬಲ್ಲ ನಿವೃತ್ತ ಕಾರ್ಮಿಕರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮನೆಯ ಬಾಗಿಲಲ್ಲಿ ಮಕ್ಕಳು ನೋಟ್‌ಬುಕ್ ಹಿಡಿದು ಒಂದು ಸಂಜೆ ಕೂತರೆ ಭೂಗರ್ಭಶಾಸ್ತ್ರವೂ ಇತಿಹಾಸವೂ ಒಟ್ಟಿಗೇ ಸಿಗುತ್ತವೆ. ಸಿಲಿಕೋಸಿಸ್‌ನಿಂದ ಎದೆ ಹಾಳಾದವರ ಕಥೆಯೂ ಅದರಲ್ಲಿ ಬರುತ್ತದೆ, ಅದನ್ನು ಮಕ್ಕಳಿಂದ ಮುಚ್ಚಿಡಬೇಕಿಲ್ಲ.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಈ ಗಣಿಗಳಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ನಕ್ಷೆಯ ಮೇಲೆ ದಾರ ಇಟ್ಟು ಆ ತಂತಿಯ ದಾರಿ ಅಳೆಯುವುದು ಹತ್ತು ವರ್ಷದ ಮಗುವಿಗೆ ಸೊಗಸಾದ ಅಳತೆಯ ಪಾಠ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳೊಂದಿಗೆ ಇದೇ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು. ಆಕಾಶದಿಂದ ಬರುವ ಕಣವನ್ನು ನೆಲದಡಿಯಲ್ಲಿ ಹುಡುಕಿದ್ದೇಕೆ? ಉಳಿದ ವಿಶ್ವಕಿರಣಗಳ ಗದ್ದಲವನ್ನು ಅಷ್ಟು ದಪ್ಪದ ಬಂಡೆ ಸೋಸಿಬಿಡುತ್ತದೆ, ನ್ಯೂಟ್ರಿನೊ ಮಾತ್ರ ದಾಟಿ ಬರುತ್ತದೆ. ಹೈಸ್ಕೂಲು ವಯಸ್ಸಿನ ಮಗುವಿಗೆ ಇದನ್ನು ತನ್ನ ಊರಿನ ಕಥೆಯಾಗಿ ಹೇಳಿದರೆ ಭೌತಶಾಸ್ತ್ರದ ಮೇಲಿನ ಅರ್ಧ ಭಯ ಹೋಗುತ್ತದೆ.

ಪೆದ್ದಪಲ್ಲಿಯ ಹತ್ತಿರ ಜ್ವಾಲಾಮುಖಿಯಿಂದ ಹುಟ್ಟಿದ ಶಿಲೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಬಂಗಾರಪೇಟೆಯ ಪಕ್ಕದ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಆವಣಿಯ ಬೆಟ್ಟದಲ್ಲಿ ನೊಳಂಬರ ಕಾಲದ ಗುಡಿಗಳಿವೆ, ಲವಕುಶರು ಬೆಳೆದು ಕಲಿತದ್ದು ಅಲ್ಲೇ ಎಂಬ ಐತಿಹ್ಯವೂ ಇದೆ. ರೈಲಿನಲ್ಲಿ ಕುಪ್ಪಂ ಕಡೆ ಹೋದರೆ 1999ರಲ್ಲಿ ಸ್ಥಾಪನೆಯಾದ ಅಗಸ್ತ್ಯ ಪ್ರತಿಷ್ಠಾನದ ವಿಜ್ಞಾನ ಕಲಿಕಾ ಆವರಣವಿದೆ. ಅಂಥ ಕಡೆಗೆ ಒಂಟಿ ಕುಟುಂಬವಾಗಿ ಹೋಗುವುದಕ್ಕಿಂತ ಏಳೆಂಟು ಮಕ್ಕಳ ಗುಂಪಾಗಿ ಮೊದಲೇ ಪತ್ರ ಬರೆದು ಕೇಳುವುದು ಮೇಲು.

ಎಚ್ಚರಿಕೆಯೊಂದಿದೆ. ಸೈನೈಡ್ ದಿಬ್ಬಗಳು ಮಕ್ಕಳಿಗೆ ಮರಳುಗುಡ್ಡದಂತೆ ಕಾಣುತ್ತವೆ, ಸಿನಿಮಾದವರು ಅಲ್ಲಿ ಚಿತ್ರೀಕರಣ ಮಾಡಿದ್ದೂ ಉಂಟು. ಚಿನ್ನ ತೆಗೆದುಳಿದ ಆ ನುಣ್ಣನೆಯ ಪುಡಿ ಗಾಳಿಗೆ ಏಳುವ ದಿನಗಳಲ್ಲಿ ಊರವರೇ ಕಿಟಕಿ ಮುಚ್ಚುತ್ತಾರೆ. ಅಧ್ಯಯನದ ಹೆಸರಿನಲ್ಲಿ ಮಕ್ಕಳನ್ನು ಅಲ್ಲಿ ಹತ್ತಿಸಬೇಡಿ. ಪಾಳುಬಿದ್ದ ಗಣಿಬಾವಿಗಳ ಬಳಿಯಂತೂ ಬೇಡವೇ ಬೇಡ.

ಯಾರ ಹೆಗಲ ಮೇಲೆ

ಮನೆಯಲ್ಲಿ ಓದಿಸುತ್ತೇವೆ ಎಂದು ಗಂಡ ಹೇಳುತ್ತಾನೆ, ಓದಿಸುವವಳು ಹೆಂಡತಿ. ಹೆಚ್ಚಿನ ಮನೆಗಳ ಸತ್ಯ ಇದು. ಅಪ್ಪ ನಸುಕಿನ ರೈಲಿಗೆ ಹೋಗಿ ರಾತ್ರಿಯ ರೈಲಿಗೆ ಬರುವ ಊರಿನಲ್ಲಿ ಅಡುಗೆ, ಬಟ್ಟೆ, ನೀರು, ಅತ್ತೆಯ ಔಷಧಿಯ ಜೊತೆ ಪಾಠವೂ ಅಮ್ಮನಿಗೇ ಬಿದ್ದರೆ ಆರು ತಿಂಗಳಲ್ಲಿ ಆಕೆ ಸೋತುಹೋಗುತ್ತಾಳೆ. ಇಬ್ಬರೂ ದುಡಿಯಲೇಬೇಕಾದ ಮನೆಗೆ ಶಾಲೆಯೇ ಸರಿ. ಹಾಗೆ ಹೇಳಲು ಸಂಕೋಚ ಬೇಡ.

ಆರಿಸಿಕೊಂಡವರಿಗೆ ಕೆಲವು ಮಾತು. ಶಾಲೆಯ ಆರು ಗಂಟೆಯನ್ನು ಮನೆಗೆ ತರಬೇಡಿ. ಒಂದು ಮಗುವಿಗೆ ಒಬ್ಬರು ಕಲಿಸುವಾಗ ಚಿಕ್ಕ ಮಕ್ಕಳಿಗೆ ದಿನಕ್ಕೆ ಎರಡು ಗಂಟೆಯ ಗಮನದ ಓದು ಧಾರಾಳ, ಉಳಿದದ್ದು ಆಟ, ಕೆಲಸ, ಸುಮ್ಮನಿರುವುದು. ಅಪ್ಪನಿಗೆ ಒಂದು ವಿಷಯ ಪೂರ್ತಿ ಒಪ್ಪಿಸಿ. ಭಾನುವಾರದ ಗಣಿತ ಅವನದೇ ಆಗಿರಲಿ, ಸಂತೆಯ ಚೀಲವೇ ಪಾಟಿಯಾಗಲಿ. ಟೊಮೆಟೊ ಬೆಲೆ ವಾರದಿಂದ ವಾರಕ್ಕೆ ಏರಿಳಿಯುವ ಕೋಲಾರ ಜಿಲ್ಲೆಯಲ್ಲಿ ಶೇಕಡಾವಾರು ಲೆಕ್ಕಕ್ಕೆ ಬೇರೆ ಪುಸ್ತಕ ಬೇಕೆ? ಅಜ್ಜಿಯ ವಿರೋಧವನ್ನು ವಾದದಿಂದ ಗೆಲ್ಲಲಾಗದು. ದಿನಕ್ಕೊಂದು ಕಥೆ ಹೇಳುವ ಜವಾಬ್ದಾರಿ ಕೊಟ್ಟರೆ ಆಕೆ ಶಿಕ್ಷಕಿಯೇ ಆಗುತ್ತಾಳೆ. ಮಗು ಪಾಠ ಬೇಡವೆಂದು ಹಟ ಹಿಡಿದ ದಿನ ಪುಸ್ತಕ ಮುಚ್ಚಿ. ತಿಂಗಳಿಡೀ ಹಟ ಹಿಡಿದರೆ ನೀವು ಕಲಿಸುವ ರೀತಿಯನ್ನು ಇನ್ನೊಬ್ಬ ಪೋಷಕರ ಮುಂದಿಟ್ಟು ನೋಡಿ.

ಗೆಳೆಯರಿಲ್ಲದ ಓದು ಓದಲ್ಲ. ಫುಟ್‌ಬಾಲ್, ಹಾಕಿ ಆಡಿದ ಊರಿದು, ಸಂಜೆ ಮೈದಾನಕ್ಕೆ ಮಗು ಹೋಗಲೇಬೇಕು. ಶಾಲೆಯ ಮಕ್ಕಳ ಜೊತೆಯೇ ಆಡಬೇಕು, ಎಲ್ಲ ಬೀದಿಯ, ಎಲ್ಲ ಮನೆಯ ಮಕ್ಕಳ ಜೊತೆ. ಮನೆಶಾಲೆಯ ಹೆಸರಿನಲ್ಲಿ ಮಗು ತನ್ನ ಜಾತಿ, ತನ್ನ ಧರ್ಮ, ತನ್ನ ವರ್ಗದವರನ್ನೇ ನೋಡುತ್ತ ಬೆಳೆದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಒಂದೇ ಬೆಂಚಿನಲ್ಲಿ ಎಲ್ಲರನ್ನೂ ಕೂರಿಸುವ ಕೆಲಸವನ್ನು ಶಾಲೆ ಎಷ್ಟೇ ಅರೆಬರೆಯಾಗಿಯಾದರೂ ಮಾಡುತ್ತದೆ.

ಗಾಂಧೀಜಿ ತಮ್ಮ ಮಕ್ಕಳನ್ನು ದಕ್ಷಿಣ ಆಫ್ರಿಕಾದಲ್ಲಿ ಶಾಲೆಗೆ ಕಳಿಸದೆ ತಾವೇ ಕಲಿಸಿದರು. ಕಲಿಸಲು ತಮಗೆ ಬೇಕಾದಷ್ಟು ಸಮಯ ಸಿಗಲಿಲ್ಲವೆಂದೂ ಮಕ್ಕಳಿಗೆ ಆ ಕೊರಗು ಉಳಿಯಿತೆಂದೂ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಮಗುವನ್ನೇ ಕೇಳಬೇಕು, ನಿನಗೆ ಶಾಲೆಗೆ ಹೋಗಬೇಕೆನ್ನಿಸುತ್ತದೆಯೇ ಎಂದು. ಹೌದೆಂದರೆ ಕಳಿಸಬೇಕು.

ಪರೀಕ್ಷೆ, ಮತ್ತು ವಾಪಸು ಬರುವ ದಾರಿ

ಹತ್ತನೆಯ ತರಗತಿಯ ಪ್ರಮಾಣಪತ್ರವಿಲ್ಲದೆ ಮುಂದಿನ ಬಾಗಿಲುಗಳು ತೆರೆಯುವುದು ಕಷ್ಟ. ಇದಕ್ಕೆ ಹೆಚ್ಚಿನವರು ಆರಿಸಿಕೊಳ್ಳುವುದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯನ್ನು, ಎಲ್ಲರ ಬಾಯಲ್ಲಿ ಎನ್‌ಐಒಎಸ್. 1979ರಲ್ಲಿ ಸಿಬಿಎಸ್‌ಇಯ ಒಂದು ಯೋಜನೆಯಾಗಿ ಶುರುವಾಗಿ 1989ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. 14 ವರ್ಷ ತುಂಬಿದವರು ಸೆಕೆಂಡರಿಗೆ ನೋಂದಾಯಿಸಬಹುದು. ಕನಿಷ್ಠ ಒಂದು ಭಾಷೆ ಸೇರಿ ಐದು ವಿಷಯಗಳಲ್ಲಿ ಪಾಸಾಗಬೇಕು, ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ವರ್ಷಕ್ಕೆ ಎರಡು ಬಾರಿ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಪರೀಕ್ಷೆ. ನೋಂದಣಿ ಐದು ವರ್ಷ ಊರ್ಜಿತ, ಹಾಗಾಗಿ ಐದೂ ವಿಷಯವನ್ನು ಒಂದೇ ಸಲ ಬರೆಯಬೇಕಿಲ್ಲ. ಈ ವರ್ಷ ಕನ್ನಡ ಮತ್ತು ಗಣಿತ, ಮುಂದಿನ ವರ್ಷ ಉಳಿದದ್ದು ಎಂದರೂ ಸರಿ. ಅದಕ್ಕೂ ಮುಂಚೆ ಎ, ಬಿ, ಸಿ ಎಂಬ ಹಂತಗಳಿವೆ. ಅವು ಮೂರು, ಐದು, ಎಂಟನೇ ತರಗತಿಗೆ ಸಮ. ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ರಾಜ್ಯದ ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ಉಂಟು. ಯಾವ ದಾರಿಯೆಂದು ಮಗುವಿಗೆ 12 ತುಂಬುವ ಹೊತ್ತಿಗೆ ತೀರ್ಮಾನಿಸಿದರೆ ವಿಷಯಗಳ ಆಯ್ಕೆಗೆ, ಪ್ರಾಯೋಗಿಕ ತರಬೇತಿಗೆ ಸಮಯ ಸಿಗುತ್ತದೆ.

ಮಧ್ಯದಲ್ಲೇ ಶಾಲೆಗೆ ಮರಳಬೇಕಾಗಬಹುದು. ಅಮ್ಮನಿಗೆ ಕೆಲಸ ಸಿಗಬಹುದು, ಮನೆ ಬದಲಾಗಬಹುದು, ಮಗುವೇ ಬಯಸಬಹುದು. ಇದನ್ನು ಸೋಲೆಂದು ನೋಡುವ ಮನೆಗಳಿವೆ, ಅದು ತಪ್ಪು. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಇಂಥ ಮಗುವಿಗೂ ಅನ್ವಯಿಸುತ್ತದೆ. ಎಂದೂ ಶಾಲೆಗೆ ಸೇರದ ಅಥವಾ ನಡುವೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು, 14 ವರ್ಷ ದಾಟಿದರೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣ ಮುಂದುವರಿಸಬೇಕು. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ 14ನೇ ಕಲಂ. ಆದರೂ ಜನನ ಪ್ರಮಾಣಪತ್ರ, ಲಸಿಕೆಯ ಕಾರ್ಡು, ವರ್ಷವಾರು ಓದಿದ ಪುಸ್ತಕಗಳ ಪಟ್ಟಿ, ತಿಂಗಳಿಗೊಂದರಂತೆ ಮಗುವಿನ ಬರವಣಿಗೆಯ ಹಾಳೆ ಒಂದು ಕಡತದಲ್ಲಿರಲಿ. ಜೂನ್‌ನಲ್ಲಿ ಶಾಲೆಯ ಮುಖ್ಯ ಶಿಕ್ಷಕರ ಎದುರು ಕೂತಾಗ ಮಗು ಎಲ್ಲಿದೆ, ಎಲ್ಲಿಂದ ಶುರುಮಾಡಬೇಕು ಎಂಬುದನ್ನು ಆ ಹಾಳೆಗಳೇ ಅವರಿಗೆ ತೋರಿಸುತ್ತವೆ.